ತಾಳೆ ನೋಡಿದೇನು?

ಧಾರವಾಡದ ಕಡೆಯ ಹುಡುಗಿ, ಗೋವಾದ ಸಾಂಕೋಲೆಯ ನಮ್ಮ ಲ್ಯಾಬಿಗೆ ಹೊಸಬಳು. ಕಂಪ್ಯೂಟರಿಗೆ ಸೈಪೈ ಎಂಬ ಲೆಕ್ಕದ ತಂತ್ರಾಂಶ ಹಾಕುತ್ತಿದ್ದಳು. "ಸರ್, ಸೈಪೈ ಕೂತ್ಕೊಂತ್ರೀ. ಇಂಪೋರ್ಟ್ ಕೊಟ್ಟೆ, ಎರರ್ ಬರ್ಲಿಲ್ಲ" ಎಂದಳು.

"ಟೆಸ್ಟ್ ಓಡ್ಸಿದೇನವಾ?"

"ಅದ್ಯಾಕ್ರೀ?"

ಅದ್ಯಾಕೆ! ಇದೇ ಊರಿನ ಆರೋಗ್ಯಮಾತೆಯ ಹಳೇ ಇಗರ್ಜಿ ಎದುರಿನಿಂದ ಇವತ್ತಿಗೂ ಭರ್ಜರಿ. ಬೆಂಕಿಗೆ ಉಳಿದದ್ದೆಲ್ಲ ಹೋಗಿ ಮುಖದ ಗೋಡೆಯಷ್ಟೇ ನಿಂತಿದೆ. ಇಂಪೋರ್ಟ್ ಆಯಿತೆನ್ನುವುದೂ ಅಷ್ಟೇ, ಗೋಡೆ ಕಂಡಿತು ಎಂದ ಹಾಗೆ. ಒಳಗೆ ಏನಿದೆಯೆಂದು ತಿಳಿಯಬೇಕಾದರೆ scipy.test() ಎನ್ನಬೇಕು. ಪರದೆಯ ಮೇಲೆ ಚುಕ್ಕಿಗಳ ಸಾಲು ಹೊರಡುತ್ತದೆ, ಪಾಸಾದ ಪರೀಕ್ಷೆಗೊಂದು ಚುಕ್ಕಿ. ನಡುವೆ ಎಲ್ಲೋ ಒಂದು ಸಣ್ಣ ಎಕ್ಸ್. ಇದು ಫೇಲಾಗುತ್ತದೆಂದು ಬರೆದವರಿಗೆ ಮೊದಲೇ ಗೊತ್ತಿದೆ, ಗಾಬರಿಯಾಗಬೇಡಿ ಎಂದು ಅದರ ಅರ್ಥ.

ಗದಗಿನ ನಮ್ಮ ಗಣಿತದ ಮಾಸ್ತರಲ್ಲಿ ಇಂಥ ಉದಾರತೆ ಇರಲಿಲ್ಲ. ಭಾಗಾಕಾರ ಮುಗಿಸಿ ಪಾಟಿ ಎತ್ತಿದರೆ ಉತ್ತರದತ್ತ ಕಣ್ಣೂ ಹಾಯಿಸದೆ "ತಾಳೆ ನೋಡಿದೇನು?" ಎನ್ನುತ್ತಿದ್ದರು. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷ ಕೂಡಿಸಿದರೆ ಭಾಜ್ಯ ಬರಬೇಕು, ಬಾರದಿದ್ದರೆ ಬೆಂಚಿನ ಮೇಲೆ.

1994ರಲ್ಲಿ ಇಂಟೆಲ್ ಕಂಪನಿಗೆ ಆ ಮಾಸ್ತರು ಬೇಕಾಗಿತ್ತು. ಅಮೆರಿಕದ ವರ್ಜೀನಿಯಾದಲ್ಲಿ ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸುತ್ತ ಕೂತಿದ್ದರು. ಯಾರಿಗೆ ಬೇಕಿತ್ತು ಆ ಲೆಕ್ಕ ಎಂದು ಕೇಳಬೇಡಿ, ಅವರಿಗೆ ಬೇಕಿತ್ತು. ಲೆಕ್ಕ ತಾಳೆಯಾಗಲಿಲ್ಲ. ಪುಣ್ಯಾತ್ಮ ಮೊದಲು ತನ್ನ ಪ್ರೋಗ್ರಾಮನ್ನು ಶಂಕಿಸಿದರು, ಆಮೇಲೆ ಕಂಪೈಲರನ್ನು, ಆಮೇಲೆ ಮದರ್‌ಬೋರ್ಡನ್ನು. ಜೂನ್‌ನಲ್ಲಿ ಹತ್ತಿದ ಸಂಶಯ ಅಕ್ಟೋಬರಿನ ಹೊತ್ತಿಗೆ ಚಿಪ್ಪಿನ ಬುಡಕ್ಕೇ ಬಂತು. ಇಂಟೆಲ್‌ನ ಹೊಸ ಪೆಂಟಿಯಂ ಚಿಪ್ಪಿಗೆ ಭಾಗಾಕಾರ ಬರುತ್ತಿರಲಿಲ್ಲ! ಅದರೊಳಗಿನ ಮಗ್ಗಿಯಂಥ ಕೋಷ್ಟಕದಲ್ಲಿ 1066 ಅಂಕಿ ಇರಬೇಕಾದಲ್ಲಿ 5 ಬಿಟ್ಟುಹೋಗಿದ್ದವು.

ಸಾಮಾನ್ಯ ಬಳಕೆದಾರನಿಗೆ ಈ ತಪ್ಪು ಎದುರಾಗುವುದು 27,000 ವರ್ಷಕ್ಕೊಮ್ಮೆ ಎಂದು ಕಂಪನಿ ಸಮಾಧಾನ ಹೇಳಿತು. ಜನ ಒಪ್ಪಲಿಲ್ಲ. ಡಿಸೆಂಬರಿನಲ್ಲಿ, ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡುತ್ತೇವೆಂದು ಒಪ್ಪಿಕೊಳ್ಳಬೇಕಾಯಿತು. ಅದಕ್ಕೆ ತೆಗೆದಿರಿಸಿದ ಹಣ 47.5 ಕೋಟಿ ಡಾಲರ್.

ನನಗೆ ಈ ಕಥೆಯಲ್ಲಿ ಪ್ರೀತಿ ನೈಸ್ಲಿಯವರ ಮೇಲೆ. ಅದೇ ಲೆಕ್ಕವನ್ನು ಬೇರೆ ಯಂತ್ರದಲ್ಲಿ ಮತ್ತೆ ಮಾಡಿ ನೋಡುವ ಚಾಳಿ ಅವರಿಗಿಲ್ಲದಿದ್ದರೆ ಎಷ್ಟು ಸೇತುವೆಗಳ ಲೆಕ್ಕ ಆ ಚಿಪ್ಪಿನ ಮೇಲೆ ನಿಲ್ಲುತ್ತಿತ್ತೋ.

ಅಷ್ಟರಲ್ಲಿ ಹುಡುಗಿಯ ಚುಕ್ಕಿಗಳು ಮುಗಿದಿದ್ದವು. ಎರಡು ಫೇಲ್. ಸೈಪೈ ನೆಚ್ಚಿಕೊಂಡ ನಂಪೈ ಎಂಬ ತಂತ್ರಾಂಶದ ಹಳೇ ಆವೃತ್ತಿ ಒಂದು ಮೂಲೆಯಲ್ಲಿ ಉಳಿದುಕೊಂಡಿತ್ತು. ತೆಗೆದು ಹೊಸದು ಹಾಕಿದಳು.

ನಿಮ್ಮಲ್ಲಿ ಯಾರದಾದರೂ ಅಟ್ಟದ ಮೇಲೆ ಆ ಕಾಲದ ಪೆಂಟಿಯಂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. 4195835ನ್ನು 3145727ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 3145727ರಿಂದ ಗುಣಿಸಿ, 4195835ರಲ್ಲಿ ಕಳೆಯಿರಿ. ಸೊನ್ನೆಯ ಬದಲು 256 ಬಂದರೆ ನನಗೊಂದು ಕಾಗದ ಹಾಕಿ, ಬಸ್ಸು ಹತ್ತಿ ನೋಡಲು ಬರುತ್ತೇನೆ.