ಸೀಸೆಯ ನೀರು

ಮಲೆನಾಡಿನವರಾದ ನಮಗೆ ನೀರಿನ ವಿಷಯದಲ್ಲಿ ಸ್ವಲ್ಪ ಜಂಬವೇ. ಆಗುಂಬೆಯಂಥ ಮಳೆಯೂರಿರುವ ತೀರ್ಥಹಳ್ಳಿ ತಾಲ್ಲೂಕು ನಮ್ಮದು. ಅರಳಸುರಳಿಯ ನಮ್ಮ ಮನೆಗೆ ಗುಡ್ಡದ ಅಬ್ಬಿಯಿಂದ ನೀರು ತಾನಾಗಿ ಇಳಿದು ಬರುತ್ತದೆ. ಹಿಂದೆ ಅಡಿಕೆಮರದ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಪೇಟೆಯ ನೆಂಟರು ಬಾಟಲಿ ನೀರು ಹಿಡಿದು ಬಂದರೆ ನಮ್ಮ ಅತ್ತೆಗೆ ಅದು ಮನೆಗೇ ಅವಮಾನ.

ಅಂಥ ಅತ್ತೆ ಆಸ್ಪತ್ರೆಯಿಂದ ಬಂದಾಗ ಜೊತೆಗೆ ಆಮ್ಲಜನಕದ ಯಂತ್ರವೂ ಬಂತು. ಅದಕ್ಕೊಂದು ಪ್ಲಾಸ್ಟಿಕ್ ಸೀಸೆ. ಒಣ ಗಾಳಿಗೆ ಮೂಗು, ಗಂಟಲು ಒಣಗದಿರಲೆಂದು ಆಮ್ಲಜನಕ ಆ ಸೀಸೆಯ ನೀರಿನೊಳಗಿಂದ ಗುಳುಗುಳು ಎನ್ನುತ್ತಾ ಹಾದು ಬರುತ್ತದೆ. ಕುದಿಸಿ ಆರಿಸಿದ ನೀರು ಹಾಕಿ, ದಿನವೂ ಬದಲಾಯಿಸಿ ಎಂದಿದ್ದರು ಡಾಕ್ಟರು. ನಾನು ಒಲೆಯ ಮೇಲೆ ಪಾತ್ರೆ ಇಟ್ಟದ್ದೇ ತಡ, "ಎಂತ ಮಾರಾಯ್ತಿ, ಅಬ್ಬಿ ನೀರನ್ನೂ ಕಾಯಿಸ್ತಾರೇನೇ? ಅರವತ್ತು ವರ್ಷ ಕುಡಿದು ನಂಗೆಂತ ಆಗಿದೆ?" ಎಂದರು ಅತ್ತೆ, ಏದುಸಿರಿನ ನಡುವೆಯೇ.

ಅವರಿಗೆ ಉತ್ತರ ಹೇಳುವುದು ಏಳನೇ ತರಗತಿಗೆ ಪಾಠ ಮಾಡಿದಷ್ಟು ಸುಲಭವಲ್ಲ! ಕುಡಿದ ನೀರು ಹೊಟ್ಟೆ ಸೇರುತ್ತದೆ. ಅಲ್ಲಿನ ಆಮ್ಲ ಎಷ್ಟೋ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಶ್ವಾಸಕೋಶಕ್ಕೆ ಆ ಕಾವಲಿಲ್ಲ. ನೀರಿನಲ್ಲಿ ಬೆಳೆಯುವ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಗಟ್ಟಿಮುಟ್ಟಾದವರಿಗೆ ಏನೂ ಮಾಡದಿರಬಹುದು. ಬಳಲಿದ ಎದೆಗೆ ಹೊಕ್ಕರೆ ನ್ಯುಮೋನಿಯಾ ತರಬಲ್ಲದು. ಔಷಧಿಯನ್ನು ಮಂಜಾಗಿಸುವ ನೆಬ್ಯುಲೈಸರ್ ಕೊಳೆಯಾಗಿದ್ದರಂತೂ ಆ ಹನಿಗಳನ್ನೇರಿ ಅದು ಎದೆಯ ಆಳಕ್ಕೇ ಇಳಿಯುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ 29 ಜನ ಗೊತ್ತಿಲ್ಲದ ನ್ಯುಮೋನಿಯಾಕ್ಕೆ ಬಲಿಯಾದರು. ಮರುವರ್ಷ ಕಾರಣ ಸಿಕ್ಕಿತು: ನೀರಿನಲ್ಲಿ ಬೆಳೆದು ಸಣ್ಣ ಹನಿಗಳ ಜೊತೆ ಉಸಿರಿಗೆ ಸೇರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ನಮ್ಮಲ್ಲಿ 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರದ ಭಯ ಹರಡಿದಾಗ, ಆಮ್ಲಜನಕದ ಸೀಸೆಗೆ ಸೂಕ್ಷ್ಮಾಣುರಹಿತ ನೀರನ್ನೇ ಬಳಸಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿತ್ತು.

ಆದರೆ ವಾದ ಗೆಲ್ಲಿಸಿದ್ದು ವಿಜ್ಞಾನವಲ್ಲ, ಅತ್ತೆಯದೇ ಮಾತು. "ಅತ್ತೆ, ನಿನ್ನೆಯ ನೀರಿನ ಮೇಲೆ ಇವತ್ತಿನ ನೀರು ಹೊಯ್ಬೇಡ, ಕೊಡದೊಳಗೆ ಲೋಳೆ ಕಟ್ತದೆ ಅಂತ ನಂಗೆ ಕಲಿಸಿದ್ದು ಯಾರು?" ಎಂದೆ. ಅತ್ತೆ ಸುಮ್ಮನಾದರು. ಹೌದು, ಆ ಲೋಳೆಯೇ ಬ್ಯಾಕ್ಟೀರಿಯಾದ ಮನೆ! ಹರಿಯುವ ಅಬ್ಬಿಯ ನೀರೂ ಸೀಸೆಯಲ್ಲಿ ನಿಂತರೆ ನಿಂತ ನೀರೇ. ಮಾರನೆಯ ಬೆಳಿಗ್ಗೆ ಅತ್ತೆಯೇ ಮಲಗಿದಲ್ಲಿಂದ, "ಸೀಸೆ ಚೆಲ್ಲಿದ್ಯೇನೇ?" ಎಂದು ಕೂಗಿದರು.

ನಮ್ಮ ಕ್ರಮ ಇಷ್ಟೇ: ದಿನವೂ ಹಳೆಯ ನೀರು ಚೆಲ್ಲುವುದು, ಸೋಪು ನೀರಿನಲ್ಲಿ ತೊಳೆಯುವುದು, ಕವುಚಿ ಹಾಕಿ ಒಣಗಿಸುವುದು, ಕುದಿಸಿ ಆರಿಸಿದ ಹೊಸ ನೀರು ಗೆರೆಯವರೆಗೆ ಹಾಕುವುದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇದಕ್ಕೆ ಸಲ್ಲದು. ಅದು ಸೂಕ್ಷ್ಮಾಣುರಹಿತವೆಂಬ ಭರವಸೆಯಿಲ್ಲ.

ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ರಾತ್ರಿಯೆಲ್ಲ ಕೂರುವವರು ಹೆಚ್ಚಾಗಿ ನಾವು ಹೆಂಗಸರೇ. ಕಣ್ಣೆದುರಿನ ಆ ಸೀಸೆಯನ್ನೊಮ್ಮೆ ನೋಡಿ. "ಸಿಸ್ಟರ್, ಈ ನೀರು ಯಾವಾಗ ಬದಲಾಯಿಸಿದ್ದು? ಸ್ಟೆರೈಲ್ ವಾಟರ್ ತಾನೆ?" ಎಂದು ಕೇಳಿ. ಬೇಜಾರು ಮಾಡಿಕೊಂಡಾರೆಂಬ ಸಂಕೋಚ ಬೇಡ. ಸಾರಿಗೆ ಉಪ್ಪು ಹಾಕಿ ಆಯ್ತಾ ಎಂದು ಕೇಳುವ ದನಿಯಲ್ಲಿ ಕೇಳಿದರೆ ಸಾಕು.