ಹಾರದ ಗುಂಡು



ಭಟ್ಕಳ, ಹೊನ್ನಾವರದ ಕಡಲತೀರದವರಿಗೆ ಪೋರ್ಚುಗೀಸರ ಹೆಸರು ಹೊಸತಲ್ಲ. 1542ರಲ್ಲಿ ಭಟ್ಕಳವನ್ನು ಸುಟ್ಟವರು ಅವರೇ. 1961ರ ಡಿಸೆಂಬರ್‌ವರೆಗೆ ನೆರೆಯ ಗೋವೆಯನ್ನು ಆಳಿದವರೂ ಅವರೇ. ಬೆಳಕೆಯ ನಮ್ಮ ಮನೆಯಲ್ಲಿ ಆ ಹೆಸರೆತ್ತಿದರೆ ಹಿರಿಯರು ಹುಬ್ಬು ಗಂಟಿಕ್ಕುತ್ತಿದ್ದರು. ಗೋವೆಯನ್ನು ಬಿಗಿಹಿಡಿದಿದ್ದ ಸಲಾಜಾರರ ಸರ್ವಾಧಿಕಾರದಡಿ ಪೋರ್ಚುಗಲ್ಲಿನ ಜನರೂ ನರಳುತ್ತಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

1926ರಲ್ಲಿ ಆರಂಭವಾದ ಆ ದಬ್ಬಾಳಿಕೆ ಕೊನೆಗೊಂಡದ್ದು 1974ರ ಏಪ್ರಿಲ್ 25ರಂದು. ಆಫ್ರಿಕಾದ ವಸಾಹತು ಯುದ್ಧಗಳಿಂದ ಬೇಸತ್ತ ಕಿರಿಯ ಸೇನಾಧಿಕಾರಿಗಳು ಅಂದು ಬಂಡೆದ್ದರು. ಅವರಲ್ಲೊಬ್ಬರಾದ 29 ವರ್ಷದ ಕ್ಯಾಪ್ಟನ್ ಸಲ್ಗೇರೊ ಮಾಯಾ ತಮ್ಮ ತುಕಡಿಯೊಂದಿಗೆ ರಾಜಧಾನಿ ಲಿಸ್ಬನ್ನಿಗೆ ಬಂದರು. ನದೀತೀರದ ಬೀದಿಯಲ್ಲಿ ಸರಕಾರದ ಟ್ಯಾಂಕುಗಳು ಎದುರಾದವು. ಮಾಯಾ ಬಿಳಿಯ ಕರವಸ್ತ್ರ ಹಿಡಿದು ಮಾತುಕತೆಗೆ ಮುಂದೆ ನಡೆದರು. ಗುಂಡು ಹಾರಿಸುವಂತೆ ಬ್ರಿಗೇಡಿಯರ್ ಆಜ್ಞಾಪಿಸಿದರು. ಟ್ಯಾಂಕಿನೊಳಗಿದ್ದ ಸೈನಿಕ ಹಾರಿಸಲಿಲ್ಲ. ಸಂಜೆಯ ವೇಳೆಗೆ, ಕಾರ್ಮೊ ಸೇನಾಠಾಣೆಯಲ್ಲಿ ಆಶ್ರಯ ಪಡೆದಿದ್ದ ಪ್ರಧಾನಿ ಕಾಯೆತಾನೊ ಅಧಿಕಾರ ಬಿಟ್ಟುಕೊಟ್ಟರು. ಕೆರಳಿದ ಜನರ ನಡುವಿನಿಂದ ಅವರನ್ನು ಮಾಯಾ ಕವಚವಾಹನದಲ್ಲಿ ಸುರಕ್ಷಿತವಾಗಿ ಕರೆದೊಯ್ದರು. ಸೈನಿಕರ ಬಂದೂಕಿನ ಬಾಯಿಗಳಲ್ಲಿ ಕೆಂಪು ಕಾರ್ನೇಷನ್ ಹೂಗಳಿದ್ದವು. ರಕ್ತ ಹರಿಯಲೇ ಇಲ್ಲವೆಂದಲ್ಲ. ಗುಪ್ತ ಪೊಲೀಸರ ಗುಂಡಿಗೆ ನಾಲ್ವರು ಬಲಿಯಾದರು.

ಮಾಯಾ ಅಧಿಕಾರ ಬೇಡಲಿಲ್ಲ. ಸೈನಿಕರಾಗಿಯೇ ಉಳಿದು 1992ರಲ್ಲಿ ತೀರಿಕೊಂಡರು. ಕ್ರಾಂತಿಯ ಫಲ ನಮ್ಮ ನೆರೆಗೂ ತಲುಪಿತು. 1961ರಲ್ಲಿ, ಶರಣಾಗಬಾರದೆಂಬ ಆಜ್ಞೆಯನ್ನು ಮೀರಿ ಗೋವೆಯನ್ನು ಭಾರತೀಯ ಸೇನೆಗೆ ಒಪ್ಪಿಸಿದ್ದಕ್ಕಾಗಿ ಸೇನೆಯಿಂದ ಹೊರಹಾಕಲ್ಪಟ್ಟಿದ್ದ ಗವರ್ನರ್ ವಸ್ಸಾಲೊ ಇ ಸಿಲ್ವಾ ಅವರಿಗೆ 1974ರಲ್ಲಿ ಗೌರವ ಮರಳಿತು. ಅದೇ ವರ್ಷದ ಡಿಸೆಂಬರ್ 31ರಂದು ಗೋವೆ ಭಾರತದ್ದೆಂದು ಪೋರ್ಚುಗಲ್ ಸಹಿ ಹಾಕಿತು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ತೋಟದ ಬೇಲಿಗಾಗಿ ಅಣ್ಣನೊಡನೆ ಏಳು ವರ್ಷ ಮಾತುಬಿಟ್ಟವನು ನಾನು. ವಕೀಲರ ಕಾಗದ ಕಪಾಟಿನಲ್ಲಿ ಸಿದ್ಧವಿತ್ತು. ನನ್ನ ಸಹಿಯೊಂದೇ ಬಾಕಿ. ಹಾಕೆಂದು ಆಜ್ಞಾಪಿಸುತ್ತಿದ್ದುದು ನನ್ನ ಹಠ. ಆ ಅನಾಮಿಕನಂತಿದ್ದ ಸೈನಿಕನ ಕೈ ನೆನಪಾಗಿ ನಾನು ಸಹಿ ಹಾಕಲಿಲ್ಲ. ಅಣ್ಣ ಇನ್ನೂ ನಮ್ಮ ಮನೆಯ ಮೆಟ್ಟಿಲೇರಿಲ್ಲ. ಆದರೆ ಮೊನ್ನೆ ಬೇಲಿಯಾಚೆಯಿಂದ, “ಕಾಯಿ ಕೊಯ್ಸಿ ಆಯ್ತೇನೋ?” ಎಂದು ಕೇಳಿದ.

ಓದುಗರೇ, ನಿಮ್ಮ ಕಪಾಟಿನಲ್ಲೂ ಅಂಥದೊಂದು ಕಾಗದವಿದೆಯೇ?