ನಾನು ಉಳಿ ಹಿಡಿದದ್ದು

ನಮ್ಮ ಭಾಷೆಯಲ್ಲಿ 'ಅಚ್ಚು' ಎಂಬ ಮಾತಿಗೆ ಬಿಡುವೆಂಬುದಿಲ್ಲ. ಬೆಲ್ಲಕ್ಕೆ ಅಚ್ಚುಂಟು, ಪುಸ್ತಕಕ್ಕೆ ಅಚ್ಚುಂಟು, ಗಾಡಿಯ ಗಾಲಿಗೂ ಅಚ್ಚುಂಟು. ಮಗು ತಂದೆಯನ್ನು ಹೋತರೆ ಪಡಿಯಚ್ಚು ಎನ್ನುತ್ತೇವೆ. ನೆನಪು ಮಾಸದಿದ್ದರೆ ಅಚ್ಚಳಿಯದ್ದು ಎನ್ನುತ್ತೇವೆ. ನಮ್ಮ ಮನೆಯಲ್ಲಿ ಮಾತ್ರ ಅಚ್ಚೆಂದರೆ ಒಂದೇ: ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಪಡಿ. ನಮ್ಮ ತಂದೆ ಬಡಗಿಗಳು. ಮಂಟಪ, ಗೋಪುರ, ಆನೆ, ಗಿಳಿ ಇವುಗಳನ್ನು ಎರಡು ಹಲಗೆಗಳ ಒಳಮೈಯಲ್ಲಿ ತಲೆಕೆಳಗು ಮಾಡಿಯೂ ಕೆತ್ತಬಲ್ಲರು. ಆ ಹಲಗೆಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಸಕ್ಕರೆ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಬೆಳ್ಳನೆಯ ಆನೆ ಎದ್ದು ನಿಲ್ಲುತ್ತದೆ.

ಈಗ ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಅಚ್ಚುಗಳು ಅಗ್ಗವಾಗಿ ಸಿಗುವುದರಿಂದ ಮರದ ಅಚ್ಚನ್ನು ಕೇಳಿಕೊಂಡು ಬರುವವರು ಕಡಿಮೆ. ತಂದೆ ಪ್ಲೈವುಡ್ಡಿನ ಬೀರು ಕೂಡಿಸುವ ಕೂಲಿಗೆ ಹೋಗುತ್ತಾರೆ. ಅಣ್ಣ ಕೆಲಸ ಕಲಿತು, ಬಿಟ್ಟು, ಲಾರಿ ಹತ್ತಿದ. ನಾನು ಹೆಣ್ಣುಮಗಳು, ನನಗೆ ಕಲಿಸುವ ಮಾತೇ ಏಳಲಿಲ್ಲ. "ಉಳಿ ನನ್ನ ಕಾಲಕ್ಕೆ ಸಾಕಮ್ಮ, ನೀನು ಓದು" ಎಂದು ಕಾಲೇಜಿಗೆ ಸೇರಿಸಿದರು. ಹೀಗಿರುವಾಗ ಓದಲು ಬಂದ ನಾನೇ ಉಳಿ ಹಿಡಿದೆನೆಂದರೆ ಅದಕ್ಕೆ ಕಾರಣ ಹೇಳಲೇಬೇಕು.

ಕಳೆದ ವರ್ಷ ನಮ್ಮ ಪಟ್ಟಣದಲ್ಲಿ ಕಲಾವಿದರೊಬ್ಬರು ನಾಲ್ಕು ಭಾನುವಾರಗಳ ಒಂದು ಪುಟ್ಟ ಶಿಬಿರ ನಡೆಸಿದರು. ಹೊಸಬರಿಗೆ ಲಿನೋಕಟ್ ಎಂಬ ಅಚ್ಚುಚಿತ್ರದ ಕಲೆಯನ್ನು ಕಲಿಸುವುದು ಅದರ ಉದ್ದೇಶ. ಎಂಟು ಜನಕ್ಕಿಂತ ಹೆಚ್ಚು ಸೇರಿಸಿಕೊಳ್ಳಲಿಲ್ಲ. ಇದ್ದ ರೋಲರುಗಳೇ ಎರಡು. ಅಲ್ಲದೆ ಹದಿನಾರು ಕೈಗಳ ಮೇಲೆ ಕಣ್ಣಿಡುವುದಕ್ಕೇ ಒಬ್ಬ ಗುರುವಿಗೆ ಪುರಸೊತ್ತಿರುವುದಿಲ್ಲ. ನಮ್ಮಲ್ಲಿ ಬ್ಯಾಂಕಿನ ಗುಮಾಸ್ತರಿದ್ದರು, ಶಾಲೆಯ ಉಪಾಧ್ಯಾಯಿನಿಯರಿಬ್ಬರಿದ್ದರು, ಮೊಮ್ಮಗಳನ್ನು ಕರೆತಂದು ತಾವೂ ಕುಳಿತುಬಿಟ್ಟ ಅಜ್ಜಿಯೊಬ್ಬರಿದ್ದರು.

ಲಿನೋಲಿಯಂ ಎಂಬುದು ನೆಲಕ್ಕೆ ಹಾಸಲು ಹುಟ್ಟಿದ ವಸ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬಾತ ಅದನ್ನು ರೂಪಿಸಿದ. ಗಟ್ಟಿಯಾದ ಅಗಸೆ ಎಣ್ಣೆಗೆ ಬೆಂಡಿನ ಪುಡಿ ಮೊದಲಾದುವನ್ನು ಕಲಸಿ, ಸೆಣಬಿನ ಬಟ್ಟೆಯ ಮೇಲೆ ಹಾಸಿ ಒತ್ತಿದರೆ ಲಿನೋಲಿಯಂ. ಧಾರವಾಡದ ಕಡೆಯ ನನ್ನ ಗೆಳತಿಗೆ ಇದನ್ನು ಹೇಳಿದಾಗ, "ನಾವು ಚಟ್ನಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳೋ ಅಗಸಿನ ಅವರು ನೆಲಕ್ಕ ಹಾಸ್ಯಾರಲ್ಲ!" ಎಂದು ಮರುಗಿದಳು. ಮರಕ್ಕೆ ಎಳೆಯುಂಟು, ಎಳೆಗೆ ವಿರುದ್ಧವಾಗಿ ಕೆತ್ತಿದರೆ ಸಿಬಿರೇಳುತ್ತದೆ. ಲಿನೋಗೆ ಎಳೆಯಿಲ್ಲ. ಉಳಿ ಯಾವ ದಿಕ್ಕಿಗೆ ಹೋದರೂ ಬೇಡವೆನ್ನುವುದಿಲ್ಲ. ಬಿಸಿಲಿನಲ್ಲಿ ಸ್ವಲ್ಪ ಹೊತ್ತಿಟ್ಟರೆ ಇನ್ನೂ ಮೆತ್ತಗಾಗುತ್ತದೆ. ಹೊಸಬರಿಗೆ ಇದಕ್ಕಿಂತ ಸಾಧುವಾದ ವಸ್ತು ಸಿಗದು.

ಮೊದಲ ದಿನ ಗುರುಗಳು ಹೇಳಿದ ಪಾಠ ಒಂದೇ: ಉಳಿ ಹಿಡಿಯದ ಕೈ ಯಾವಾಗಲೂ ಉಳಿಯ ಹಿಂದಿರಬೇಕು, ಮುಂದಲ್ಲ. ಸಣ್ಣ ಗೆರೆಗೆ ಕವಲಿನಾಕಾರದ ಉಳಿ, ಅಗಲವಾಗಿ ತೆಗೆಯಲು ದೋಣಿಯಾಕಾರದ ಉಳಿ. ಕೆತ್ತಿದ ಮೇಲೆ ಗಾಜಿನ ಹಲಗೆಯ ಮೇಲೆ ಮಸಿಯನ್ನು ತೆಳ್ಳಗೆ ಹರಡಬೇಕು. ಮಸಿ ಹದಕ್ಕೆ ಬಂದಾಗ ರೋಲರಿನ ಅಡಿಯಲ್ಲಿ ಒಗ್ಗರಣೆ ಸಿಡಿದಂತೆ ಸಣ್ಣಗೆ ಸದ್ದಾಗುತ್ತದೆ. ಅಜ್ಜಿಯವರು ಅದನ್ನು ನಮಗೆಲ್ಲರಿಗಿಂತ ಮೊದಲು ಗುರುತಿಸಿದರು. ಆಮೇಲೆ ಕಾಗದವನ್ನಿಟ್ಟು ಚಮಚದ ಬೆನ್ನಿನಿಂದ ಉಜ್ಜುವುದು. ಯಂತ್ರವೇನೂ ಬೇಕಾಗಿಲ್ಲ. ಒಂದು ಮೂಲೆಯನ್ನೆತ್ತಿ ಕಾಗದವನ್ನು ಮೆಲ್ಲಗೆ ಸುಲಿಯುವಾಗ ಎಂಟು ತಲೆಗಳೂ ಒಂದೇ ಮೇಜಿನ ಮೇಲೆ ಬಾಗುತ್ತಿದ್ದುವು.

ಈ ಕಲೆ ಬಡವರ ಕಲೆಯೆಂದು ಕೆಲವರು ಮೂಗು ಮುರಿದದ್ದುಂಟು. ಬಡತನವೇ ಇದರ ಹಿರಿಮೆಯೆಂದು ನನಗೆ ತೋರುತ್ತದೆ. ವಿಯೆನ್ನಾ ನಗರದಲ್ಲಿ ಫ್ರಾನ್ಜ್ ಚಿಜೆಕ್ ಎಂಬ ಉಪಾಧ್ಯಾಯ ಇದನ್ನು ಮಕ್ಕಳ ಕೈಗೆ ಕೊಟ್ಟ. ಲಂಡನ್ನಿನಲ್ಲಿ 1926ರಿಂದ ಇದನ್ನು ಕಲಿಸಿದ ಕ್ಲಾಡ್ ಫ್ಲೈಟ್, ಮುರಿದ ಕೊಡೆಯ ಕಡ್ಡಿಯಿಂದಲೇ ಉಳಿ ಮಾಡಿಕೊಳ್ಳಬಹುದೆಂದು ತೋರಿಸಿಕೊಟ್ಟ. ನಮ್ಮ ದೇಶದಲ್ಲಿ, 1930ರ ದಂಡಿ ಯಾತ್ರೆಯ ಕಾಲದಲ್ಲಿ, ನಂದಲಾಲ್ ಬೋಸರು ಕೋಲೂರಿ ನಡೆಯುವ ಗಾಂಧೀಜಿಯನ್ನು ಕೆತ್ತಿದ್ದು ಲಿನೋದಲ್ಲಿಯೇ. ಕಪ್ಪು ನೆಲ, ಬಿಳಿಯ ಗೆರೆ. ಅಷ್ಟರಲ್ಲಿಯೇ ಆ ನಡಿಗೆಯ ವೇಗವೆಲ್ಲ ಬಂದಿದೆ. ಚಿತ್ತಪ್ರಸಾದರು (1915–1978) ರೈತರನ್ನೂ ದುಡಿಯುವ ಎಳೆಯ ಮಕ್ಕಳನ್ನೂ ಲಿನೋದಲ್ಲಿ ಕಡೆದರು. ಒಂದು ಪಡಿಯಿಂದ ಹಲವು ಪ್ರತಿ ತೆಗೆಯಬಹುದಾದ್ದರಿಂದ ಇಂತಹ ಚಿತ್ರ ಒಬ್ಬ ಧನಿಕನ ಗೋಡೆಗೆ ಮಾತ್ರ ಸೇರಿದ್ದಾಗಿ ಉಳಿಯಬೇಕಾಗಿಲ್ಲ.

ಎರಡನೆಯ ಭಾನುವಾರದ ಹೊತ್ತಿಗೆ ನನ್ನ ಉಳಿ ಮೊಂಡಾಯಿತು. ಮೊಂಡು ಉಳಿಗೆ ಬಲ ಹೆಚ್ಚು ಬೇಕು. ಬಲ ಹೆಚ್ಚಿದರೆ ಜಾರುತ್ತದೆ. ಗುರುಗಳ ಅಪ್ಪಣೆ ಪಡೆದು ಅದನ್ನು ಊರಿಗೆ ಒಯ್ದೆ. ತಂದೆ ಕೈಗೆ ತೆಗೆದುಕೊಂಡು, ಅಂಚನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು ನೋಡಿ, "ಏನಮ್ಮಾ, ಕಾಲೇಜಿನಲ್ಲಿ ಉಳಿ ಹಿಡಿಸ್ತಾರಾ?" ಎಂದರು. ಆ ಮಾತಿನಲ್ಲಿ ನಗೆ ಇರಲಿಲ್ಲ. ಫೀಜಿನ ಲೆಕ್ಕ ಅವರ ಮನಸ್ಸಿನಲ್ಲಿ ಓಡುತ್ತಿದ್ದುದು ನನಗೆ ಕಾಣಿಸಿತು. "ಕಾಲೇಜಿನಲ್ಲಲ್ಲಪ್ಪ, ನಾನೇ ಹಿಡಿದೆ" ಎಂದೆ. ಮತ್ತೇನೂ ಕೇಳದೆ ಸಾಣೆಕಲ್ಲಿಗೆ ಎಣ್ಣೆ ಬಿಟ್ಟರು. ಹೊರಮೈಯನ್ನು ಉಜ್ಜಿ, ಒಳಗೆದ್ದ ಸುಣುಕನ್ನು ತೊಗಲಿನ ಚೂರಿನಿಂದ ಸವರಿ ತೆಗೆದರು. ಎರಡನೆಯ ಉಳಿಯನ್ನು ಮಾತ್ರ ನನ್ನ ಕೈಗೇ ಕೊಟ್ಟರು. "ಒತ್ತಬೇಡ, ಕಲ್ಲೇ ತಿನ್ನುತ್ತೆ" ಎಂದಷ್ಟೇ ಹೇಳಿದರು. ಇಪ್ಪತ್ತು ವರ್ಷದಲ್ಲಿ ಅವರು ತಮ್ಮ ವಿದ್ಯೆಯಿಂದ ನನಗೆ ಕೊಟ್ಟ ಮೊದಲ ಪಾಠ ಅದು.

ಕೊನೆಯ ಭಾನುವಾರಕ್ಕೆ ನಾನು ಆರಿಸಿಕೊಂಡ ಚಿತ್ರ ತಂದೆಯ ಎರಡು ಕೈಗಳು. ಅವರು ಎಡಚರು. ಚಿತ್ರ ಅಚ್ಚಿನಲ್ಲಿ ತಿರುವುಮುರುವಾಗುವುದರಿಂದ ಪಡಿಯಲ್ಲಿ ಉಳಿಯನ್ನು ಬಲಗೈಗೆ ಕೊಡಬೇಕಾಯಿತು. ಶಿಬಿರದಲ್ಲಿ ನಾವೆಲ್ಲರೂ ಪಡಿಯನ್ನು ಕನ್ನಡಿಗೆ ಹಿಡಿದೇ ನೋಡುತ್ತಿದ್ದೆವು. ತಂದೆಗೆ ಪ್ರತಿಯನ್ನು ತೋರಿಸುವುದಕ್ಕೆ ಮೊದಲು ಪಡಿಯನ್ನು ಕೊಟ್ಟೆ. ಒಂದು ಕ್ಷಣ ಬೆರಳಾಡಿಸಿ, "ಎಡಗೈಗೇ ಬರುತ್ತೆ, ಸರಿ" ಎಂದರು, ಕನ್ನಡಿ ಬೇಕಾಗಲಿಲ್ಲ. ಆಮೇಲೆ ಪ್ರತಿಯನ್ನು ನೋಡುತ್ತ ಬಹಳ ಹೊತ್ತು ಕುಳಿತರು. "ನನ್ನ ಅಚ್ಚಿನಲ್ಲಿ ತೆಗೆದದ್ದು ಗೊಂಬೆಯಾಗುತ್ತೆ. ನಿನ್ನದರಲ್ಲಿ ಬಿಟ್ಟದ್ದು ಗೊಂಬೆಯಾಗುತ್ತೆ. ನಿನ್ನದೇ ಕಷ್ಟ ಕಣಮ್ಮ, ಏನನ್ನು ಬಿಡಬೇಕು ಅಂತ ಮೊದಲೇ ಗೊತ್ತಿರಬೇಕು" ಎಂದರು. ಓದಿಗೂ ಉಳಿಗೂ ನಡುವೆ ಅವರು ನನಗಾಗಿ ಕಟ್ಟಿದ್ದ ಗೋಡೆಯಿಂದ ಅಂದು ಒಂದು ಕಲ್ಲು ಸರಿಯಿತೆಂದು ನನ್ನ ನಂಬಿಕೆ. ಕಟ್ಟಿದ್ದು ಪ್ರೀತಿಯಿಂದಲೇ ಎಂಬುದನ್ನು ನಾನು ಬಲ್ಲೆ.

ನಮ್ಮ ಕಾಲೇಜಿನಲ್ಲಿ ಚರ್ಚಾಸಂಘವಿದೆ, ಕ್ರೀಡಾಸಂಘವಿದೆ. ಕೈಕೆಲಸಕ್ಕೂ ಒಂದು ಮೂಲೆ ಸಿಕ್ಕರೆ ಚೆನ್ನು. ಕಿಟಕಿಯಿರುವ ಒಂದು ಕೋಣೆ, ಎಂಟು ಉಳಿ, ಎರಡು ರೋಲರು, ಒಂದು ಗಾಜಿನ ಹಲಗೆ, ಮನೆಯಿಂದ ತಂದ ಚಮಚಗಳು; ಇಷ್ಟಾದರೆ ಮುಂದಿನ ಸಂಚಿಕೆಯ ಚಿತ್ರಗಳನ್ನು ನಾವೇ ಕೆತ್ತಬಹುದು. ಪೂಜ್ಯ ಪ್ರಾಂಶುಪಾಲರೂ ಅಧ್ಯಾಪಕರೂ ಮನಸ್ಸು ಮಾಡಬೇಕು. ಉಳಿಗಳಿಗೆ ಸಾಣೆ ಹಿಡಿದುಕೊಡಲು ನಮ್ಮ ತಂದೆ ಒಪ್ಪಿದ್ದಾರೆ. ಕೂಲಿಯ ಮಾತನ್ನು ಮಾತ್ರ ಅವರೊಡನೆಯೇ ಆಡಬೇಕು.